ಗೋವಾದಿಂದ ಬಂದ ಗಾಳಿ

ಮೊನ್ನೆ ಕಡ್ಡಿರಾಂಪುರದ ಹತ್ತಿರ ನನ್ನ ಸ್ಕೂಟರಿನ ಹಿಂದಿನ ಚಕ್ರ ದೇಹತ್ಯಾಗ ಮಾಡಿತು. ತಳ್ಳಿಕೊಂಡು ಹೋಗಿ ರಸ್ತೆ ಬದಿಯ ಪಂಚರ್ ಅಂಗಡಿಯೊಂದರ ಮುಂದೆ ನಿಂತಾಗ, ಟ್ಯೂಬಿಗೆ ಹಚ್ಚುವ ಸೊಲ್ಯೂಶನ್ನಿನ ವಾಸನೆ ಮೂಗಿಗೆ ಬಡಿಯಿತು. ಅದು ಪರಿಮಳವೇನಲ್ಲ. ಆದರೆ ಆ ವಾಸನೆ ಬಂದಾಗಲೆಲ್ಲ ನನ್ನ ಪಾಲಿಗೆ ಒಬ್ಬ ಮನುಷ್ಯ ಬಂದಂತಾಗುತ್ತದೆ. ಅವರ ಬೆನ್ನಿಗೇ ಸಿಟ್ಟೂ ಬರುತ್ತದೆ.

ಅವರು ಹೊಸಪೇಟೆಯಲ್ಲಿ, ಸಂಡೂರು ರಸ್ತೆಗೆ ಹೊಂದಿಕೊಂಡ ನಮ್ಮ ಓಣಿಯ ಬಾಯಲ್ಲೇ ಪಂಚರ್ ಅಂಗಡಿ ಇಟ್ಟಿದ್ದರು. ಅದಿರಿನ ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿ ಓಡುತ್ತಿದ್ದ ಕಾಲ ಅದು. ಗುಡ್ಡಗಳು ಒಂದೊಂದಾಗಿ ಬಂದರಿಗೆ ಪ್ರಯಾಣ ಬೆಳೆಸಿದ್ದವು. ಊರಿಗೆ ಉಳಿದದ್ದು ಕೆಂಪು ಧೂಳು. ಹಿತ್ತಲಲ್ಲಿ ಒಣಹಾಕಿದ ನನ್ನ ಮಡಿ ಪಂಚೆ ಸಂಜೆಯೊಳಗೆ ಯಾರ ಅಪ್ಪಣೆಯೂ ಇಲ್ಲದೆ ಸನ್ಯಾಸ ಸ್ವೀಕರಿಸುತ್ತಿತ್ತು. ಊರೆಲ್ಲ ಈ ಧೂಳನ್ನು ಬೈಯುತ್ತಿದ್ದಾಗ ಅವರೊಬ್ಬರು ಬೈಯುತ್ತಿರಲಿಲ್ಲ. ಲಾರಿ ಇದ್ದಷ್ಟೂ ಪಂಚರ್ ಇತ್ತು. ಬೇಸಿಗೆಯಲ್ಲಿ ಡ್ರೈವರುಗಳಿಗೆ ಅವರು ಹೇಳುತ್ತಿದ್ದ ಮಾತು ಒಂದೇ: "ಬಿಸಿಲೈತಿ, ಗಾಳಿ ಸ್ವಲ್ಪ ಕಮ್ಮೀನ ಇರ್ಲಿ. ಘಟ್ಟದಾಗ ಹಿಗ್ಗಿ ಬರ್ಸ್ಟ್ ಆದ್ರ ನನ್ನ ಹೆಸ್ರು ಹೇಳಬ್ಯಾಡ."

ಆದರೆ ಅವರ ನಿಜವಾದ ಹೆಮ್ಮೆ ಅಂಗಡಿಯಲ್ಲಿರಲಿಲ್ಲ. ಅದು ಬುಕ್ಕಸಾಗರದಾಚೆ, ಬಂಡೆಗಳ ನಡುವೆ ಹೊಳೆ ಆಳವಾಗಿ ನಿಂತ ಒಂದು ಮಡುವಿನಲ್ಲಿತ್ತು. ಸಾಗುವಾನಿಯ ಹಿಡಿ, ಲಾರಿ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಮುಂದೆ ಚೂಪಾದ ಕಬ್ಬಿಣದ ಸಲಾಕೆ: ಇಷ್ಟೇ ಅವರ ಆಯುಧ. ಎದೆ ತುಂಬ ಒಂದು ಉಸಿರು ಎಳೆದುಕೊಂಡು ಮುಳುಗುತ್ತಿದ್ದರು. ಆ ಉಸಿರು ಮುಗಿಯುವುದರೊಳಗೆ ಮೀನಿಗೆ ಹೊಡೆಯಬೇಕು, ಇಲ್ಲವೇ ಬರಿಗೈಯಲ್ಲಿ ಮೇಲೆ ಬರಬೇಕು. ಇದು ಅವರು ತಾವೇ ಬರೆದು ತಾವೇ ಅಂಗೀಕರಿಸಿದ ಸಂವಿಧಾನ.

ಮೀನಿನ ವಾಸನೆಗೇ ಮುಖ ತಿರುಗಿಸುವ ವೈಷ್ಣವನಾದ ನನ್ನನ್ನು ಪ್ರತಿ ಭಾನುವಾರ ಅಲ್ಲಿಗೆ ಎಳೆದೊಯ್ಯುತ್ತಿದ್ದರು. ನಾನ್ಯಾಕೆ ಎಂದು ಕೇಳಿದ್ದೆ.

"ಆಚಾರ್ರ, ಮೀನು ತಿನ್ನೋರು ಸಾಕ್ಷಿ ಹೇಳಿದ್ರ ಪಾಲಿನ ಆಸೆಗೆ ಹೇಳ್ತಾರ ಅಂತಾರ ಮಂದಿ. ನೀವು ಹೇಳಿದ್ರ ಯಾರ ಬಾಯೂ ಏಳಂಗಿಲ್ಲ. ಕುಂದ್ರಿ ಸುಮ್ನ."

ಹೀಗೆ ನಾನು ಬಂಡೆಯ ಮೇಲೆ ಅವರ ಟವೆಲ್ ಹಿಡಿದು ನಿರ್ಲಿಪ್ತ ಸಾಕ್ಷಿಯಾಗಿ ನೇಮಕಗೊಂಡೆ. ಅವರು ಮುಳುಗಿದೊಡನೆ ಮನಸ್ಸಿನಲ್ಲಿ ಸಂಧ್ಯಾವಂದನೆಯ ಇಪ್ಪತ್ನಾಲ್ಕು ನಾಮ ಶುರು ಮಾಡುತ್ತಿದ್ದೆ; ಕೇಶವನಿಂದ ಕೃಷ್ಣನವರೆಗೆ, ನಿಧಾನವಾಗಿ. ಕೃಷ್ಣನನ್ನು ಮುಟ್ಟಿ ಮತ್ತೆ ಕೇಶವನಿಗೆ ಬಂದರೂ ಹೊಳೆಯಲ್ಲಿ ಸದ್ದಿರುತ್ತಿರಲಿಲ್ಲ. ಆಮೇಲೆ ಬುಡುಕ್ಕನೆ ಒಂದು ತಲೆ, ಅದರ ಪಕ್ಕ ಒಂದು ಬಾಲ...

ಈ ವ್ಯವಸ್ಥೆಗೆ ಭಂಗ ತಂದವನು ಪಕ್ಕದ ಓಣಿಯ ಲಾರಿ ಸಾಹುಕಾರ. ವಯಸ್ಸು ಚಿಕ್ಕದು, ಲಾರಿಗಳು ಬಹಳ. ಗೋವಾದಲ್ಲಿ ಒಂದು ವಾರ ಇದ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಉಸಿರಾಡುವ ವಿದ್ಯೆ ಕಲಿತು, ಆ ಸರಂಜಾಮನ್ನೆಲ್ಲ ಕೊಂಡು ತಂದಿದ್ದ. ಸಿಲಿಂಡರ್ ಖಾಲಿಯಾದಾಗ ನೆಟ್ಟಗೆ ಪಂಚರ್ ಅಂಗಡಿಗೇ ಬಂದ.

"ಮಾಮ, ನಿನ್ನ ಕಂಪ್ರೆಸರ್‌ನ್ಯಾಗ ಇದನ್ನ ಒಂದೀಟು ತುಂಬಿಕೊಡು."

"ನಮ್ಮ ಕಂಪ್ರೆಸರ್‌ಗೆ ಇದು ನೀಗಂಗಿಲ್ಲಲೇ ತಮ್ಮಾ. ನೀಗಿದ್ರೂ ನಾ ತುಂಬಂಗಿಲ್ಲ."

ಕೊನೆಗೆ ಆತನ ಲಾರಿಗಳೇ ಆ ಕೆಲಸ ಮಾಡಿದವು. ನಮ್ಮ ಗುಡ್ಡ ಹೊತ್ತು ಗೋವಾಕ್ಕೆ ಹೋದ ಲಾರಿ, ಅಲ್ಲಿಂದ ಒಂದು ಸಿಲಿಂಡರ್ ಗಾಳಿ ಹೊತ್ತು ತರುತ್ತಿತ್ತು. ಇಂಥ ವ್ಯಾಪಾರವನ್ನು ಯಾವ ಅರ್ಥಶಾಸ್ತ್ರದ ಮೇಷ್ಟ್ರೂ ನನಗೆ ಕಲಿಸಿರಲಿಲ್ಲ.

ಸಾಹುಕಾರ ಮಡುವಿಗೆ ಇಳಿದ ದಿನ ನೀರಿನ ಮೇಲೆ ಗುಳ್ಳೆಗಳ ಜಾತ್ರೆಯಾಯಿತು. ಇವರು ಬಂಡೆಯ ಮೇಲೆ ಕೂತು, "ನೋಡ್ರಿ ಆಚಾರ್ರ, ಪಂಚರ್ ಎಲ್ಲಾಗೈತಿ ಅಂತ ತೋರ್ಸಾಕತ್ಯಾನ" ಎಂದರು. ಗುಳ್ಳೆಯ ಸದ್ದಿಗೆ ಮೀನುಗಳು ದೂರ ಸರಿದು ಆತ ಬರಿಗೈಯಲ್ಲೇ ಬಂದ. ಆದರೆ ಕೆಳಗೆ ಬೇಕಾದಷ್ಟು ಹೊತ್ತು ಸುತ್ತಾಡಿದ್ದರಿಂದ ಒಂದು ಸುದ್ದಿ ತಂದಿದ್ದ. ದೊಡ್ಡ ಬಂಡೆಯ ಬುಡದ ಸಂದಿಯಲ್ಲಿ ಆಳೆತ್ತರದ ಬಾಳೆ ಮೀನು ಮಲಗಿದೆಯಂತೆ. ಅಲ್ಲಿಯತನಕ ಇವರ ಉಸಿರು ಎಂದೂ ಮುಟ್ಟಿರಲಿಲ್ಲ.

"ನೀರಾಗ ಇರೋದು ಮೀನಿನ ಹಕ್ಕು. ನಾವು ಹೋಗೋರು, ಜಲ್ದಿ ಬರಬೇಕು. ಬೀಗರ ಮನಿಗೆ ಹೋಗಿ ಹಾಸಿಗಿ ಹಾಸ್ಕೊಂಡು ಬೀಳಂಗಿಲ್ಲ," ಎಂದರು ಇವರು. ಮಾತು ಭರ್ಜರಿಯಾಗಿತ್ತು. ಆದರೆ ಅವತ್ತಿನಿಂದ ಅವರ ನಿದ್ದೆ ಕೆಟ್ಟಿತು.

ಒಂದರ ಮೇಲೊಂದು ಭಾನುವಾರ ಆ ಸಂದಿಗೆ ಹೋಗಿ ಸೋತು ಬಂದರು. ನನಗೆ ಮಾತ್ರ ಗೊತ್ತಿದ್ದ ಸಂಗತಿಯೆಂದರೆ, ಉಸಿರೇ ಗಿಡ್ಡವಾಗುತ್ತಿತ್ತು. ವರ್ಷಗಟ್ಟಲೆ ಅಂಗಡಿಯ ಮುಂದೆ ಕೂತು ಅವರು ಬೈಯದೆ ನುಂಗಿದ ಧೂಳು ಈಗ ಕೆಮ್ಮಾಗಿ ಲೆಕ್ಕ ಕೇಳುತ್ತಿತ್ತು. ಆ ಬೇಸಿಗೆ ನಾನು ದಾಮೋದರನ ಹತ್ತಿರ ಇರುವಾಗಲೇ, ಅಂದರೆ ಅರ್ಧ ದಾರಿಯಲ್ಲೇ, ಅವರ ತಲೆ ಮೇಲೆ ಕಾಣಿಸುತ್ತಿತ್ತು. ಬಿಟ್ಟುಬಿಡಿ, ಸಣ್ಣ ಮೀನೂ ಮೀನೇ ಅಲ್ಲವೇ ಎಂದೆ. ಕೇಳಲಿಲ್ಲ. ಡಾಕ್ಟರಿಗೆ ತೋರಿಸಿ ಎಂದೆ. ಕೆಮ್ಮುತ್ತಲೇ ನನಗೆ ಕೆಮ್ಮಿಲ್ಲ ಎಂದರು. ಇಂಥವರ ಜೊತೆ ವಾದಿಸುವುದಕ್ಕಿಂತ ಅವರ ಕಂಪ್ರೆಸರ್ ಜೊತೆ ವಾದಿಸಬಹುದಿತ್ತು. ಅದಕ್ಕೆ ಸ್ವಿಚ್ಚಾದರೂ ಇತ್ತು.

ಕಡೆಗೆ ಒಂದು ದಿನ ಅವರೇ ಸಂವಿಧಾನಕ್ಕೆ ತಿದ್ದುಪಡಿ ತಂದರು. ಸಿಲಿಂಡರ್ ಕಟ್ಟಿಕೊಳ್ಳುವುದು ಸಂದಿಯವರೆಗೆ ಹೋಗಿ ಕಾಯುವುದಕ್ಕೆ ಮಾತ್ರ. ಮೀನು ಕಂಡ ಮೇಲೆ ಒಂದೇ ಉಸಿರು ಎಳೆದುಕೊಂಡು, ಬಿಗಿಹಿಡಿದು, ಅದರಲ್ಲೇ ಹೊಡೆದು, ಅದರಲ್ಲೇ ಮೇಲೆ ಬರುವುದು. ಗುಳ್ಳೆಯೂ ಏಳುವುದಿಲ್ಲ, ಮೀನೂ ಬೆದರುವುದಿಲ್ಲ, ವ್ರತವೂ ಕೆಡುವುದಿಲ್ಲ. ನಮ್ಮ ಮಠದ ಪಂಡಿತರು ಏಕಾದಶಿಯ ದಿನ ಅವಲಕ್ಕಿಗೂ ಇಷ್ಟು ಚೆಂದದ ದಾರಿ ಹುಡುಕಿದ್ದಿಲ್ಲ.

ಸುಳ್ಳು ಹೇಳಬಾರದು, ಸಾಹುಕಾರ ತಾನೇ ನಿಂತು ಕಟ್ಟಿದ, ತೋರಿಸಿದ, ಎಚ್ಚರಿಸಿದ. "ಮಾಮ, ಮ್ಯಾಲೆ ಬರುವಾಗ ಮಾತ್ರ ಉಸಿರು ಬಿಗಿ ಹಿಡೀಬ್ಯಾಡ. ಬಿಡಕೋತ ಬಾ. ಗೋವಾದಾಗ ಮೊದಲು ಇದನ್ನ ಹೇಳಿಕೊಟ್ಟಾರ."

"ಹ್ಞೂಂ, ಹ್ಞೂಂ" ಎಂದರು. ನೀರಿನಲ್ಲಿ ಉಸಿರು ಬಿಡಬಾರದು ಎಂದು ಜೀವಮಾನವೆಲ್ಲ ಎದೆಗೆ ಕಲಿಸಿದವರು, ಮೀಸೆ ಮೊನ್ನೆ ಬಂದವನ ಮಾತು ಕೇಳುತ್ತಾರೆಯೇ?

ಮುಳುಗಿದರು. ಮೊದಲು ಗುಳ್ಳೆಗಳು ಬಂದವು. ಬಂಡೆಯ ಬುಡದ ಕಡೆಗೆ ಸಾಗಿದವು. ಆಮೇಲೆ ನಿಂತುಹೋದವು. ನಾನು ಕೇಶವನಿಂದ ಹೊರಟೆ. ಗೋವಿಂದ, ವಿಷ್ಣು... ನೀರು ಕನ್ನಡಿಯಂತಿತ್ತು. ದಾಮೋದರ ದಾಟಿದ, ಹರಿ ಬಂದ, ಕೃಷ್ಣನೂ ಬಂದ. ಒಂದು ಗುಳ್ಳೆಯಿಲ್ಲ. ಅವರ ಹಳೆಯ ಎದೆ ಮರಳಿ ಬಂದಿತೆಂದು ನನಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ ನೀರು ಸೀಳಿಕೊಂಡು ಮೇಲೆದ್ದರು. ಸಲಾಕೆಯ ತುದಿಯಲ್ಲಿ ಆ ಬಾಳೆ ಮೀನು ಒದ್ದಾಡುತ್ತಿತ್ತು. ಕೈ ಎತ್ತಿ ನನಗೆ ತೋರಿಸಿದರು. ಕೂಗಲು ಬಾಯಿ ತೆರೆದರು; ಬಾಯಿಂದ ಬಂದದ್ದು ರಕ್ತದ ನೊರೆ.

ಸಾಹುಕಾರ ನೀರಿಗೆ ಹಾರಿ ಎಳೆದು ತಂದ. ತನ್ನ ಜೀಪಿನಲ್ಲೇ ಬಳ್ಳಾರಿಯ ಆಸ್ಪತ್ರೆಗೆ ಒಯ್ದ. ಅಲ್ಲಿ ಡಾಕ್ಟರು ವಿವರಿಸಿದರು. ದಡದಲ್ಲಿ ಎಳೆದುಕೊಂಡ ಉಸಿರು ಆಳದಲ್ಲಿ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದಂತೆ. ಆಳದಲ್ಲೇ ಸಿಲಿಂಡರಿನಿಂದ ಎಳೆದುಕೊಂಡ ಉಸಿರು ಮೇಲೆ ಬರುತ್ತಾ ಹಿಗ್ಗುತ್ತದಂತೆ. ಬಿಡದಿದ್ದರೆ ಶ್ವಾಸಕೋಶವೇ ಹರಿಯುತ್ತದೆ. ಇನ್ನು ಇವರು ನೀರಿಗೆ ಇಳಿಯುವ ಹಾಗಿಲ್ಲ.

ಎದೆಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಮನುಷ್ಯ ನನ್ನನ್ನು ನೋಡಿ ಪಿಸುಗುಟ್ಟಿದ್ದು, "ಟ್ಯೂಬ್ ಬರ್ಸ್ಟ್ ಆತು ನೋಡ್ರಿ ಆಚಾರ್ರ." ಇಡೀ ಸಂಡೂರು ರಸ್ತೆಯ ಲಾರಿಗಳಿಗೆ ಗಾಳಿಯ ನೀತಿ ಬೋಧಿಸಿದವರು! ನನಗೆ ಅಳಬೇಕೋ ಬೈಯಬೇಕೋ ತಿಳಿಯದೆ ಬೈದೆ. ಅವರಿಗೆ ಅದು ಬೇಕಿರಲಿಲ್ಲ. ಬೇಕಿದ್ದದ್ದು ತೀರ್ಪು.

"ಸಾಕ್ಷಿ ನೀವ. ಹೇಳ್ರಿ, ಅದು ಒಂದ ಉಸಿರಿನ್ಯಾಗ ಬಂತೋ ಇಲ್ಲೋ? ಗಾಳಿ ಗೋವಾದ್ದು, ಖರೆ. ಉಸಿರು ನಂದ ಅಲ್ಲೇನು?"

ಎದ್ದು ಓಡಾಡುವಂತಾಗಿ, ಆ ಬಂಡೆಯ ಮೇಲೆ ಬಂದು ಕೂತ ದಿನ ಹೇಳುತ್ತೇನೆ ಎಂದೆ. ಆ ಆಸೆಗಾದರೂ ಔಷಧಿ ನುಂಗಲಿ ಎಂಬುದು ನನ್ನ ಲೆಕ್ಕ. ನುಂಗಿದರು ಕೂಡ. ಆಮೇಲೆ ಕೆಲವು ವರ್ಷ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಆಳುಗಳು ಪಂಚರ್ ಹಾಕುತ್ತಿದ್ದರು. ನಾನು ಮುಂದೆ ಹಾದಾಗಲೆಲ್ಲ ಹುಬ್ಬೇರಿಸಿ ಕೇಳುವರು, ನಾನು ಹೊಳೆಯ ಕಡೆ ಕೈ ತೋರಿಸುವೆ. ಆ ಬಂಡೆಯತನಕ ಹೋಗಲು ಅವರಿಗೆ ಆಗಲೇ ಇಲ್ಲ. ಗಣಿಗಳು ಬಾಗಿಲು ಹಾಕಿ ಲಾರಿಗಳು ನಿಂತವು, ಅಂಗಡಿ ನಿಂತಿತು, ಆಮೇಲೊಂದು ಚಳಿಗಾಲ ಅವರೂ...

ಕಡ್ಡಿರಾಂಪುರದ ಪಂಚರಿನವನು ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ ತಿರುಗಿಸುತ್ತಿದ್ದ. ತುಂಬ ಹೊತ್ತು ಏನೂ ಬರಲಿಲ್ಲ. ನನಗರಿವಿಲ್ಲದೆಯೇ ನಾನು ಕೇಶವನಿಂದ ಹೊರಟಿದ್ದೆ. ಆಮೇಲೆ ಒಂದು ಮೂಲೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. "ಸಿಕ್ತು ನೋಡ್ರಿ," ಎಂದ.

"ಉಸಿರು ಅವರದೇ," ಎಂದೆ.

"ಏನಂದ್ರಿ ಯಜಮಾನ್ರ?"

"ಏನಿಲ್ಲಪ್ಪ. ಬಿಸಿಲೈತಿ, ಗಾಳಿ ಸ್ವಲ್ಪ ಕಮ್ಮೀನ ಇರ್ಲಿ."