ಎಚ್ಚರವಾಗಿದ್ದು ಹೆರುವ ಆಸೆ

ಮೊದಲ ಮಗಳು ಹುಟ್ಟಿದಾಗ ಅವಳ ಮೊದಲ ಅಳು ನನಗೆ ಕೇಳಿಸಲಿಲ್ಲ. ನೋವು ತಡೆಯಲಾರೆ ಎಂದು ನಾನೇ ಕೂಗಿಕೊಂಡಿದ್ದಕ್ಕೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅದರ ಮಂಪರಿನಲ್ಲಿ ಎಲ್ಲ ಮುಗಿದುಹೋಯಿತು. ಕಣ್ಣು ಬಿಟ್ಟಾಗ ಮಗು ಬಟ್ಟೆಯೊಳಗೆ ಸುತ್ತಿಕೊಂಡು ಪಕ್ಕದಲ್ಲಿತ್ತು, ಯಾರೋ ನೆಂಟರು ತಂದಿಟ್ಟು ಹೋದ ಹಾಗೆ. ತಾಯಿ ಮಗು ಇಬ್ಬರೂ ಕ್ಷೇಮ, ಇದಕ್ಕಿಂತ ಇನ್ನೇನು ಬೇಕು ಎಂದು ದೇವರಿಗೆ ಕೈಮುಗಿದೆ. ಕೈಮುಗಿದರೂ ಒಂದು ಕುತೂಹಲ ಉಳಿದೇ ಹೋಯಿತು. ನನ್ನ ಮೈಯಿಂದಲೇ ನಡೆದ ಅಷ್ಟು ದೊಡ್ಡ ಕೆಲಸ. ಆ ಕೋಣೆಯಲ್ಲಿದ್ದವರೆಲ್ಲ ಅದನ್ನು ನೋಡಿದ್ದರು, ನನ್ನೊಬ್ಬಳನ್ನು ಬಿಟ್ಟು.

ಮಗಳು ಶಾಲೆಗೆ ಹೋಗುವ ಹೊತ್ತಿಗೆ ಮತ್ತೆ ಬಸಿರಾದೆ. ನಮ್ಮದು ಹಾನುಬಾಳಿನ ಹತ್ತಿರ ಸಣ್ಣ ಕಾಫಿ ತೋಟ. ಯಜಮಾನರು ಅಂಗಳದಲ್ಲಿ ನೀರಿನ ಪಂಪು ಬಿಚ್ಚಿಟ್ಟುಕೊಂಡು ಕೂತಿದ್ದಾಗ ಮೆಲ್ಲಗೆ ಹೇಳಿದೆ.

"ಈ ಸಲ ನಾನು ಎಚ್ಚರವಾಗಿದ್ದು ಹೆರ್ಬೇಕು ಕಣ್ರೀ."

"ನಿದ್ದೆ ಮಾಡ್ತಾ ಹೆರ್ತಾರಾ ಯಾರಾದ್ರೂ?"

"ನಾನು ಹೆತ್ತಿಲ್ವಾ?"

ಅವರು ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದರು. "ಡಾಕ್ಟ್ರು ಒಪ್ಪಿದ್ರೆ ನಂದೇನೂ ಇಲ್ಲ. ಆಸ್ಪತ್ರೆ ಬಿಟ್ಟು ಮನೇಲಿ ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ."

ಮನೆಯಲ್ಲಿ ಹೆರುವ ಧೈರ್ಯ ನನಗೂ ಇರಲಿಲ್ಲ. ಆಸ್ಪತ್ರೆಯೇ ಬೇಕು, ಡಾಕ್ಟರೂ ಬೇಕು. ನೋವಿನ ಇಂಜೆಕ್ಷನ್ ಒಂದು ಇಲ್ಲದೆ ಆಗುತ್ತದೆಯೇ ಎಂದು ನೋಡುವ ಆಸೆ ಅಷ್ಟೆ. ಮೈಸೂರಿನಲ್ಲಿರುವ ಚಿಕ್ಕಪ್ಪನ ಮಗಳು ಫೋನಿನಲ್ಲಿ ಒಂದು ದಾರಿ ಹೇಳಿದಳು. "ಡೌಲಾ ಅಂತ ಇರ್ತಾರೆ ಕಣೇ. ಹೆರಿಗೆ ಹೊತ್ತಲ್ಲಿ ನಮ್ಮ ಜೊತೆಗೇ ಇರೋರು. ಸಕಲೇಶಪುರದಲ್ಲೇ ಒಬ್ರಿದಾರಂತೆ, ವಿಚಾರಿಸು." ವಿಚಾರಿಸಿದೆ. ಮುಂದಿನ ವಾರವೇ ಆಕೆ ಬಸ್ಸಿಳಿದು, ಏರು ಹತ್ತಿ, ಏದುಸಿರು ಬಿಡುತ್ತ ನಮ್ಮ ಜಗಲಿಗೆ ಬಂದು ಕೂತರು. ಮೂವತ್ತೈದರ ಆಸುಪಾಸಿನ ಹೆಂಗಸು, ಹೆಗಲಿಗೆ ದೊಡ್ಡ ಚೀಲ.

ನಾನು ಕಾಫಿ ಕಾಸುವಷ್ಟರಲ್ಲಿ ಅತ್ತೆಮ್ಮ ವಿಚಾರಣೆ ಶುರು ಮಾಡಿದ್ದರು.

"ನೀನು ಡಾಕ್ಟ್ರೇನವ್ವ?"

"ಅಲ್ಲಮ್ಮ."

"ನರ್ಸಾ?"

"ಅಲ್ಲ."

"ಹಂಗಾದ್ರೆ ಸೂಲಗಿತ್ತಿ."

"ಅದೂ ಅಲ್ಲಮ್ಮ. ನಾನು ಹೆರಿಗೆ ಮಾಡ್ಸಲ್ಲ, ಔಷಧಿ ಕೊಡಲ್ಲ. ಅದೆಲ್ಲ ಡಾಕ್ಟ್ರದ್ದು. ನಾನು ಹೆರೋರ ಜೊತೆಗಿರ್ತೀನಿ."

"ಜೊತೆಗಿದ್ದು ಏನ್ಮಾಡ್ತೀಯ?"

"ಸೊಂಟ ಒತ್ತುತೀನಿ, ನಡೆಸ್ತೀನಿ, ನೀರು ಕುಡಿಸ್ತೀನಿ, ಧೈರ್ಯ ಹೇಳ್ತೀನಿ."

"ಅಷ್ಟಕ್ಕೆ ನಾನಿಲ್ವಾ? ನನ್ನ ಕೈಯೇನು ಬಿದ್ದೋಗವಾ?"

ನಾನು ಒಳಗೆ ನಾಲಿಗೆ ಕಚ್ಚಿಕೊಂಡೆ. ಆಕೆ ಮಾತ್ರ ನಕ್ಕುಬಿಟ್ಟರು. "ನೀವೂ ಇರಿ ಅಮ್ಮ. ಇನ್ನೂ ಒಳ್ಳೇದಾಯ್ತು." ಹಾಗೆನ್ನುತ್ತ ಚೀಲದಿಂದ ಒಂದು ನೀಲಿ ರಬ್ಬರ್ ಚೆಂಡು ತೆಗೆದು ಪಂಪಿನಿಂದ ಗಾಳಿ ತುಂಬಿಸತೊಡಗಿದರು. ಅದು ಊದುತ್ತ ಊದುತ್ತ ನಮ್ಮ ನೀರೊಲೆಯ ಹಂಡೆಗಿಂತ ದೊಡ್ಡದಾಯಿತು. ಅದರ ಮೇಲೆ ಕೂತು ಸೊಂಟ ಆಡಿಸಿದರೆ ಮಗು ಕೆಳಗಿಳಿಯಲು ಅನುಕೂಲವಂತೆ. ಅತ್ತೆಮ್ಮನಿಗೆ ಸಿಟ್ಟು ಬಂದಿದ್ದು ಆಗ.

"ಹುಟ್ಟೋಕೆ ಮುಂಚೆ ಮಗೀನ ಸಾಮಾನು ಏನೂ ಮನೆ ಒಳಕ್ಕೆ ತರಬಾರ್ದು. ಒಂದು ಕುಲಾವಿ ಕೂಡ ಹೊಲಿಸಿಲ್ಲ ನಾವು. ನೀನು ಚೆಂಡು ತಂದಿದೀಯ!"

ಚೆಂಡು ಮಗುವಿಗಲ್ಲ, ತಾಯಿಗೆ ಎಂದು ಇಬ್ಬರೂ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಕೊನೆಗೆ ಚೆಂಡು ಹೊಸಿಲು ದಾಟದೆ ಜಗಲಿಯಲ್ಲೇ ಉಳಿಯಿತು. ಆಮೇಲೆ ದಿನಾ ಸಂಜೆ ನಾನು ಅಲ್ಲೇ ಅದರ ಮೇಲೆ ಕೂತು ಸೊಂಟ ಆಡಿಸುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ನಗು ತಡೆದುಕೊಂಡು, ಕ್ಷೇಮ ವಿಚಾರಿಸಿ ಹೋಗುತ್ತಿದ್ದರು.

ಆಕೆ ಎರಡನೇ ಸಲ ಬಂದಾಗ ಕಾಳುಮೆಣಸಿನ ಕುಯ್ಲು ನಡೆದಿತ್ತು. ನೋವು ಬಂದಾಗ ಮಲಗಿಬಿಡಬಾರದು, ನಿಂತು ಏನನ್ನಾದರೂ ಹಿಡಿದುಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿರಬೇಕು ಎಂದು ತೋರಿಸಿದರು. ನನಗೆ ಆ ತೂಗಾಟ ಬರಲೊಲ್ಲದು. ನಾಟಕ ಮಾಡಿದ ಹಾಗಾಗಿ ನಗು ಬರುತ್ತಿತ್ತು. ಅಂಗಳದಲ್ಲಿ ಅತ್ತೆಮ್ಮ ಆಸರೆಗೆ ಬಿದಿರಿನ ಗಳು ಹಿಡಿದುಕೊಂಡು, ಚಾಪೆಯ ಮೇಲೆ ಹರವಿದ ಮೆಣಸಿನ ಗೊಂಚಲನ್ನು ಕಾಳು ಬಿಡುವಂತೆ ತುಳಿಯುತ್ತಿದ್ದರು. ಅಲ್ಲಿಂದಲೇ ಕೂಗಿದರು.

"ಅದೇನು ಕುಣೀತೀಯೇ? ಮೆಣಸು ತುಳಿಯೋ ಹಂಗೆ ತುಳಿ. ಅವಳು ಹೇಳ್ತಿರೋದು ಅದೇಯ."

ಆಕೆ ಎದ್ದು ಹೋಗಿ ಅತ್ತೆಮ್ಮನ ಕಾಲನ್ನು ಬಗ್ಗಿ ನೋಡಿದರು. ತಾನೂ ಚಪ್ಪಲಿ ಬಿಟ್ಟು ಚಾಪೆ ಹತ್ತಿದರು. ಆ ಮಧ್ಯಾಹ್ನ ಮೂವರೂ ತುಳಿದೆವು. ನಮ್ಮ ಅಂಗಾಲು ಉರಿಯಲಿಲ್ಲ, ಆಕೆಯದು ಉರಿಯಿತು.

"ನೋವು ತಡೀಲಾರದೆ ನಾನೇ ಇಂಜೆಕ್ಷನ್ ಕೇಳಿಬಿಟ್ಟರೆ?" ಎಂದು ಆಕೆಯನ್ನು ಕೇಳಿದೆ.

"ಒಂದು ನೋವು ಕಳೀಲಿ ಅಂತೀನಿ. ಆಮೇಲೂ ಕೇಳಿದ್ರೆ ಡಾಕ್ಟ್ರನ್ನ ಕರೀತೀನಿ. ನಿಮ್ಮ ಪರವಾಗಿ ನಾನು ಹಠ ಮಾಡಲ್ಲ."

ಅತ್ತೆಮ್ಮನ ಜೊತೆ ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಆಗಲಿ, ಪ್ರಯತ್ನ ಮಾಡೋಣ. ಮಗುವಿನ ಎದೆಬಡಿತದಲ್ಲಿ ಏರುಪೇರಾದ್ರೆ ಮಾತ್ರ ನಾನು ಹೇಳಿದ ಹಾಗೆ ಕೇಳಬೇಕು" ಎಂದರು. ಒಪ್ಪಿದೆ. ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು. ಹೆರಿಗೆ ಕೋಣೆಗೆ ನನ್ನ ಜೊತೆ ಒಬ್ಬರನ್ನು ಮಾತ್ರ ಬಿಡುತ್ತಾರೆ.

ಜೀಪಿನಲ್ಲಿ ಮನೆಗೆ ಬರುವಾಗ ನನಗೆ ಅದೇ ಯೋಚನೆ. ಮೊದಲ ಹೆರಿಗೆ ತವರಿನದು; ಈ ಸಲದ್ದು ಅತ್ತೆಮ್ಮನ ಪಾಲಿನದು. ಅವರನ್ನು ಹೊರಗೆ ನಿಲ್ಲಿಸಿ ಬೇರೆಯವರನ್ನು ಒಳಗೆ ಕರೆದುಕೊಳ್ಳುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ? ತಿರುವು ದಾಟಿದ ಮೇಲೆ ಅವರೇ ಬಾಯಿ ಬಿಟ್ಟರು.

"ಅವಳನ್ನೇ ಕರ್ಕೊಳ್ಳೇ. ನಾನು ಒಳಕ್ಕೆ ಬಂದ್ರೆ ನೀನು ಒಂದು ಸಲ ಅಯ್ಯೋ ಅನ್ನೋ ಹಂಗಿಲ್ಲ, 'ಸೂಜಿ ಹಾಕ್ರೀ ನನ್ನ ಸೊಸೆಗೆ' ಅಂತ ನಾನೇ ಕೂಗ್ಬುಡ್ತೀನಿ. ನಂಗೆ ಹೊರಗೇನೂ ಕೆಲ್ಸ ಇಲ್ದೆ ಇಲ್ಲ."

ಆವತ್ತಿನಿಂದ ದೀಪ ಹಚ್ಚುವಾಗ ನನ್ನ ಬೇಡಿಕೆ ಒಂದೇ. ಅಮ್ಮಾ ತಾಯೇ, ಮಗು ಕ್ಷೇಮವಾಗಿ ಬರಲಿ. ಅದಾದ ಮೇಲೆ ನಿನ್ನ ಕೈಯಲ್ಲಿ ಇನ್ನಷ್ಟು ದಯೆ ಉಳಿದಿದ್ದರೆ ನನ್ನ ಕುತೂಹಲವೂ ತೀರಲಿ.

ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದ ಒಂದು ಬೆಳಗ್ಗೆ, ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಸೊಂಟದಲ್ಲಿ ನೋವು ಎದ್ದಿತು. ಅತ್ತೆಮ್ಮನ ಹೊರಗಿನ ಕೆಲಸ ಏನೆಂದು ಆಗ ತಿಳಿಯಿತು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೆಂಗಸಿಗೆ ಹೆರಿಗೆ ನೋವು ಬಂದರೆ ಮನೆಯಲ್ಲಿ ಬೀಗ ಹಾಕಿದ್ದು, ಗಂಟು ಹಾಕಿದ್ದು ಏನೂ ಇರಕೂಡದು. ಅದೆಲ್ಲ ಬಿಚ್ಚಿದ ಹಾಗೆ ಹೆರಿಗೆಯೂ ಸಲೀಸಾಗುತ್ತದೆ ಎಂಬ ನಂಬಿಕೆ. ಮೊದಲು ನನ್ನ ಜಡೆ ಬಿಚ್ಚಿದರು. ಆಮೇಲೆ ಬೀರು, ಟ್ರಂಕು, ಉಪ್ಪಿನಕಾಯಿ ಜಾಡಿ, ಕಾಫಿ ಸ್ಟೋರಿನ ಬೀಗ. "ಕಟ್ಟಿದ್ದೇನೈತೋ ಎಲ್ಲಾ ಬಿಚ್ರೀ" ಎಂದು ಮಾವನವರಿಗೆ ಹೇಳಿ ಜೀಪು ಹತ್ತಿದರು. ಮಾವ ಅಕ್ಷರಶಃ ಪಾಲಿಸುವವರು. ಕೊಟ್ಟಿಗೆಗೆ ಹೋಗಿ ಕರುವನ್ನೂ ಬಿಚ್ಚಿಬಿಟ್ಟರು. ಆ ದಿನದ ಹಾಲೆಲ್ಲ ಅದರ ಹೊಟ್ಟೆಗೇ ಹೋಯಿತಂತೆ. ಯಾರಿಗಾದರೂ ಒಳ್ಳೆಯದಾಯಿತಲ್ಲ.

ಸಕಲೇಶಪುರದ ಆಕೆ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಹೋದ ಮೇಲೆ ನನಗೆ ಮೊದಲ ಆಶ್ಚರ್ಯ. ನೋವು ಬಂದರೆ ಬಿಡದೆ ಕಾಡುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಬೆನ್ನಿನಿಂದ ಹೊರಟು, ಸೊಂಟವನ್ನು ಸುತ್ತಿ, ಹಗ್ಗ ಬಿಗಿದ ಹಾಗೆ ಬಿಗಿದು, ತುದಿ ಮುಟ್ಟಿ, ಆಮೇಲೆ ಇಳಿದುಹೋಗುತ್ತದೆ. ಇಳಿದ ಮೇಲೆ ಇತ್ತೆನ್ನುವ ಗುರುತೂ ಇಲ್ಲ. ಆ ಬಿಡುವಿನಲ್ಲಿ ಎಳನೀರು ಕುಡಿದೆ, ಚೆಂಡಿನ ಕತೆ ನೆನೆದು ಇಬ್ಬರೂ ನಕ್ಕೆವು. ನೋವಿನ ನಡುವೆ ಇಂಥ ಬಿಡುವನ್ನು ಇಟ್ಟವನು ದೇವರಲ್ಲದೆ ಇನ್ಯಾರು? ಮತ್ತೆ ನೋವು ಬಂದರೆ ಮಂಚದ ಕಂಬಿ ಹಿಡಿದು ಮೆಣಸು ತುಳಿಯುವುದು. ಆಕೆ ಹಿಂದಿನಿಂದ ಅಂಗೈಯಲ್ಲಿ ಸೊಂಟ ಒತ್ತುತ್ತಿದ್ದರು.

ಮಧ್ಯಾಹ್ನ ದಾಟುವಾಗ ಬಿಡುವು ಚಿಕ್ಕದಾಗುತ್ತ ಬಂತು. ವಾಂತಿಯಾಯಿತು. ನನ್ನ ಕುತೂಹಲ, ನನ್ನ ಆಸೆ ಎಲ್ಲ ಎಲ್ಲಿ ಹೋಯಿತೋ.

"ಸಾಕು. ಇಂಜೆಕ್ಷನ್ ಕೊಡಕ್ಕೆ ಹೇಳಿ."

"ಇದೊಂದು ನೋವು ಕಳೀಲಿ."

"ನಿಮ್ಮ ಮನೆ ಹಾಳಾಗ!" ಎಂದುಬಿಟ್ಟೆ. ದೇವರೇ, ಅದೂ ನನ್ನ ಬಾಯಿಂದಲೇ ಬಂತು. ಆಕೆ ಬೇಸರ ಮಾಡಿಕೊಳ್ಳದೆ ಒತ್ತುತ್ತಲೇ ಇದ್ದರು. ಆ ನೋವು ಕಳೆಯಿತು. ಮತ್ತೆ ಕೇಳಿದೆ. ಆಕೆ ಬಾಗಿಲಿಗೆ ಹೋಗಿ ಡಾಕ್ಟರನ್ನು ಕರೆದರು. ಕರೆಯಲಾರರು ಎಂದು ಒಳಗೊಳಗೆ ನಂಬಿದ್ದೆ. ಕೊಟ್ಟ ಮಾತಿನಂತೆ ಕರೆದೇಬಿಟ್ಟರಲ್ಲ ಎಂದು ಒಂದು ಕ್ಷಣ ಗಾಬರಿಯೂ ಆಯಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿ, "ತಲೆ ಕೆಳಗೇ ಬಂದುಬಿಟ್ಟಿದೆಯಮ್ಮ. ಈಗ ಮಂಪರಿನ ಔಷಧಿ ಕೊಟ್ಟರೆ ಮಗುವಿಗೂ ಮಂಪರಾಗಬಹುದು. ಇನ್ನು ಸ್ವಲ್ಪವೇ ಹೊತ್ತು, ತಡೀತೀಯಾ?" ಎಂದರು.

ನಾನು ಆಕೆಯ ಮುಖ ನೋಡಿದೆ. ಆಕೆ ಕೈ ಚಾಚಿದ್ದರು. ಹಿಡಿದುಕೊಂಡು, "ತಡೀತೀನಿ" ಎಂದೆ.

ಆಮೇಲಿನದನ್ನು ಕಣ್ಣು ಮುಚ್ಚದೆ ನೋಡಿದೆ. ಡಾಕ್ಟರು ತಲೆ ಎತ್ತಿ ನೋಡು ಎಂದಾಗ ನೋಡಿದೆ. ಕಪ್ಪು ಕೂದಲು, ಮೈಗೆಲ್ಲ ಬೆಣ್ಣೆ ಬಳಿದ ಹಾಗೆ ಬಿಳಿ ಪದರ, ಹುರಿಹಗ್ಗದಂತೆ ತಿರುಚಿಕೊಂಡ ಹೊಕ್ಕುಳಬಳ್ಳಿ. ಗಂಡು. ಎಲ್ಲರೂ ಅಳುವಿಗೆ ಕಾದೆವು. ಅದು ಮೊದಲು ಅಳಲೇ ಇಲ್ಲ. ಮುಖ ಸಿಂಡರಿಸಿಕೊಂಡು ಸೀನಿತು. ಎದೆಯ ಮೇಲೆ ತಂದಿಟ್ಟಾಗ ಇನ್ನೊಮ್ಮೆ ಸೀನಿತು, ಆಮೇಲೆ ಅಳು ಬಂತು. ಬಿಸಿ ಬಿಸಿಯಾದ, ಒರಟಾದ ಅಳು.

ಎಲ್ಲ ತೊಳೆದು ವಾರ್ಡಿಗೆ ತಂದ ಮೇಲೆ ಅತ್ತೆಮ್ಮ ಬಂದರು. ಮಗುವನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ನನ್ನ ಜೊತೆಗಿದ್ದ ಆಕೆ ಖುಷಿಯಿಂದ, "ಬಂದ ಕೂಡ್ಲೇ ಸೀನ್ತು ಅಮ್ಮ, ಆಮೇಲೆ ಅಳ್ತು" ಎಂದರು.

ಅತ್ತೆಮ್ಮನ ಚಾಚಿದ ಕೈ ಅಲ್ಲೇ ನಿಂತಿತು. "ಸೀನ್ತಾ? ಒಂದಾ, ಎರಡಾ?"

ನಮ್ಮ ಕಡೆ ಒಂಟಿ ಸೀನಿಗೆ ಹೊರಟವರು ವಾಪಸು ಬಂದು ಕೂರುತ್ತಾರೆ. ಈ ಲೋಕಕ್ಕೆ ಹೊರಟು ಬಂದವನು ಒಂದೇ ಸಲ ಸೀನಿದ್ದರೆ ಏನು ಗತಿ ಎಂದು ಅವರಿಗೆ ಭಯ.

ಆಕೆ ತಬ್ಬಿಬ್ಬಾದರು. "ಅಯ್ಯೋ, ಎಣಿಸ್ಲಿಲ್ಲಮ್ಮ." ನರ್ಸಿಗೂ ಗೊತ್ತಿರಲಿಲ್ಲ. ಅತ್ತೆಮ್ಮನ ಮುಖ ಸಣ್ಣದಾಯಿತು. ನನ್ನನ್ನು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

"ಎರಡು ಅತ್ತೆಮ್ಮ" ಎಂದೆ. "ಒಂದು, ಡಾಕ್ಟ್ರ ಕೈಲಿದ್ದಾಗ. ಇನ್ನೊಂದು, ನನ್ನ ಎದೆ ಮೇಲೆ ಇಟ್ಟ ಕೂಡ್ಲೇ. ಅದಾದ್ಮೇಲೆ ಅಳು."

"ನೀನು ನೋಡಿದ್ಯಾ?"

"ನೋಡಿದೆ. ಎಲ್ಲಾ ನೋಡಿದೆ."

ಅವರು ಮಗುವನ್ನು ಎತ್ತಿಕೊಂಡು, "ನೂರು ವರ್ಷ ಬಾಳು ನನ್ನಪ್ಪ" ಎಂದು ನೆಟಿಗೆ ಮುರಿದು, ಸ್ಟೂಲು ಎಳೆದುಕೊಂಡು ನನ್ನ ತಲೆದೆಸೆಯಲ್ಲಿ ಕೂತರು. ದನಿ ತಗ್ಗಿಸಿದರು.

"ಮೊದ್ಲಿಂದ ಹೇಳೇ. ಹೆಂಗಿತ್ತು? ನಾನೂ ಮೂರು ಹೆತ್ತೆ ಕಣೇ. ಮೂರಕ್ಕೂ ಹೆದರ್ಕಂಡು ಕಣ್ಣು ಮುಚ್ಚಿದ್ದೆ."