ಪಾರ್ಕಿನಲ್ಲಿ ಪೂರ್ವಪಕ್ಷ

…ಆದರೆ ಅದು ಹುಟ್ಟುಹಬ್ಬದ ಫ್ಲೆಕ್ಸ್ ಆಗಿರಲಾರದು. ಅಮ್ಮ ಹೇಳುವಂತೆ ಅದು ಯುಗಾದಿಯ ಶುಭಾಶಯ. ನನ್ನ ನೆನಪಿನಲ್ಲಿ ಅದರ ಮೇಲೆ ಕೇಕಿನ ಚಿತ್ರವಿದೆ, ಅಮ್ಮನ ನೆನಪಿನಲ್ಲಿ ಮಾವಿನ ತೋರಣವಿದೆ. ಕೇಕನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಈ ಪ್ರಸಂಗವನ್ನು ಬರೆಯುತ್ತಿರುವುದು ಇದು ನಾಲ್ಕನೇ ಸಲ. ಪ್ರತಿ ಸಲ ಬರೆದಾಗಲೂ ಅಪ್ಪ ಸ್ವಲ್ಪ ಹೆಚ್ಚು ಬುದ್ಧಿವಂತರಾಗುತ್ತಾ ಹೋಗಿದ್ದಾರೆ. ಬರೆದದ್ದನ್ನು ಅನುಮಾನಿಸಲು ಅದೊಂದೇ ಕಾರಣ ಸಾಕು.

ಇಷ್ಟು ಮಾತ್ರ ಖಚಿತ. ವಿಧಾನಸಭೆಯ ಚುನಾವಣೆ ಹತ್ತಿರದಲ್ಲಿತ್ತು. ಬನಶಂಕರಿಯಲ್ಲಿ ನಮ್ಮ ಮನೆಯ ಹಿಂದಿನ ಪಾರ್ಕಿನ ಗೇಟಿಗೆ ಯಾರೋ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರ ಮುಂದೆ ನಿಂತು ಇಬ್ಬರು ನಿವೃತ್ತ ಮೇಷ್ಟ್ರುಗಳು ಜಗಳವಾಡಿದರು. ಒಬ್ಬರು ನನ್ನ ಅಪ್ಪ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವರು. ಇನ್ನೊಬ್ಬರು ಅದೇ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವರು. ಮನೆಯಲ್ಲಿ ನಾವೆಲ್ಲ ಅವರನ್ನು ತರ್ಕದ ಮೇಷ್ಟ್ರು ಎನ್ನುತ್ತೇವೆ. ಅವರ ಮನೆ ಚಿಕ್ಕಲಸಂದ್ರದಲ್ಲಿ, ಮನೆಯೆದುರೇ ಒಂದು ಪಾರ್ಕಿದೆ. ಆದರೂ ನಿವೃತ್ತರಾದ ಮಾರನೆಯ ದಿನದಿಂದ ಅವರು ಬೆಳಗ್ಗೆ ಸ್ಕೂಟರ್ ಹತ್ತಿ, ನಡೆಯುವುದಕ್ಕೋಸ್ಕರ, ನಮ್ಮ ಪಾರ್ಕಿಗೇ ಬರುತ್ತಿದ್ದರು.

ಅಪ್ಪನಿಗೆ ಫ್ಲೆಕ್ಸುಗಳನ್ನು ಶಾಸನದಂತೆ ಓದುವ ಚಟ. ಅವರನ್ನು ಜೊತೆಗೆ ಕರೆದುಕೊಂಡು ಜಯನಗರದಿಂದ ಜೆ.ಪಿ. ನಗರಕ್ಕೆ ಹೋಗುವುದೆಂದರೆ ಸಿಗ್ನಲ್ಲಿಗೊಂದು ಪಾಠ. ಅವತ್ತೂ ಶುರುವಾಯಿತು.

"ನೋಡಯ್ಯ, ಮೇಲ್ಗಡೆ ಎಡಕ್ಕೊಂದು, ಬಲಕ್ಕೊಂದು ರೌಂಡು. ಶಾಸನದಲ್ಲಿ ಸೂರ್ಯ ಚಂದ್ರ ಇರೋ ಜಾಗ ಅದು. ಇಲ್ಲಿ ದಿಲ್ಲಿ ಲೀಡರ್ರು, ಬೆಂಗಳೂರು ಲೀಡರ್ರು. ನಡುವೆ ರಾಜ. ಆಮೇಲೆ ಬಿರುದಾವಳಿ: ಅಭಿವೃದ್ಧಿಯ ಹರಿಕಾರ, ಬಡವರ ಬಂಧು, ಯುವಕರ ಕಣ್ಮಣಿ. ಕೆಳಗಡೆ ಸ್ಟಾಂಪ್ ಸೈಜಲ್ಲಿ ಸಾಮಂತರು."

"ಶಾಸನದ ಕೊನೇಲಿ ಶಾಪ ಇರತ್ತಲ್ಲ, ಇದನ್ನ ಕಿತ್ತವನು ಹುಳುವಾಗಿ ಹುಟ್ಲಿ ಅಂತ. ಅದೆಲ್ಲಿ?" ಎಂದರು ತರ್ಕದ ಮೇಷ್ಟ್ರು.

"ಫೋನ್ ನಂಬರ್ ಕೊಟ್ಟಿದಾರಲ್ಲ. ಕಿತ್ತು ನೋಡು, ಗೊತ್ತಾಗತ್ತೆ."

ಇಲ್ಲಿಯವರೆಗೆ ಇಬ್ಬರೂ ನಗುತ್ತಿದ್ದರು. ಆಮೇಲೆ ಅಪ್ಪ ಇತಿಹಾಸದಿಂದ ನೇರವಾಗಿ ಮತಗಟ್ಟೆಗೆ ನೆಗೆದರು. ಜನ ಸಾವಿರ ವರ್ಷಗಳಿಂದ ರಾಜನನ್ನು ಅಳೆದಿರುವುದು ಅವನು ಕಟ್ಟಿಸಿದ ಕೆರೆಯಿಂದ. ಬಿರುದು ಎಷ್ಟಾದರೂ ಇರಲಿ, ಕೆರೆ ಇದೆಯೋ ಇಲ್ಲವೋ ನೋಡು. ಈ ಕಾಲದಲ್ಲಿ ಕೆರೆ ಕಟ್ಟುವವರು ಯಾರೂ ಇಲ್ಲ, ಆದ್ದರಿಂದ ಚರಂಡಿ ಕಟ್ಟಿಸಿದವನಿಗೆ ವೋಟು ಹಾಕಬೇಕು. ಇದು ಅಪ್ಪನ ಸಿದ್ಧಾಂತ.

ತರ್ಕದ ಮೇಷ್ಟ್ರು ಒಪ್ಪಲಿಲ್ಲ. "ಬೆಟ್ಟದಲ್ಲಿ ಹೊಗೆ ಕಂಡ್ರೆ ಬೆಂಕಿ ಇದೆ ಅಂತ ಊಹೆ ಮಾಡ್ಬಹುದು. ಗೇಟಲ್ಲಿ ಫ್ಲೆಕ್ಸ್ ಕಂಡ್ರೆ ಚರಂಡಿ ಇದೆ ಅಂತ ಊಹೆ ಮಾಡಕ್ಕಾಗಲ್ಲ. ಹಿಂದೆ ಜನ ಹೀಗೆ ಮಾಡ್ತಿದ್ರು ಅನ್ನೋದ್ರಿಂದ ಈಗ್ಲೂ ಹೀಗೇ ಮಾಡ್ಬೇಕು ಅಂತ ಬರಲ್ಲ. ನಂಬೋಕೆ ಪ್ರಮಾಣ ಇಲ್ಲದಿದ್ರೆ ನಂಬಬಾರದು. ನಾನು ನೋಟಾ ಒತ್ತೋನೇ."

ಮುಂದಿನದು ಗೊಂದಲ. ಅಪ್ಪ ಅವರನ್ನು "ಸೊನ್ನೆ" ಎಂದರು, ಅವರು ಅಪ್ಪನನ್ನು "ಹೊಗಳುಭಟ" ಎಂದರು. ಯಾರು ಮೊದಲು ಅಂದದ್ದು ಎನ್ನುವುದು ನನಗೆ ದಿನಕ್ಕೊಂದು ರೀತಿ ನೆನಪಾಗುತ್ತದೆ. ಇಬ್ಬರೂ ಮಾತು ಬಿಟ್ಟರು.

ನಮ್ಮ ಪಾರ್ಕಿನಲ್ಲಿ ಒಂದು ಬೋರ್ಡಿದೆ: ಎಲ್ಲರೂ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಡೆಯತಕ್ಕದ್ದು. ಅಪ್ಪ ಹಾಗೆಯೇ ನಡೆದರು. ಅಪ್ಪನ ಮುಖ ನೋಡಬಾರದೆಂದು ತರ್ಕದ ಮೇಷ್ಟ್ರು ಮರುದಿನದಿಂದ ಎದುರು ದಿಕ್ಕಿನಲ್ಲಿ ನಡೆಯತೊಡಗಿದರು. ಇಷ್ಟು ವರ್ಷ ತರ್ಕ ಹೇಳಿಕೊಟ್ಟವರು ಒಂದು ಸಣ್ಣ ಲೆಕ್ಕ ಮರೆತಿದ್ದರು: ವೃತ್ತದಲ್ಲಿ ಎದುರುಬದುರಾಗಿ ನಡೆಯುವವರು ಪ್ರತಿ ಸುತ್ತಿಗೂ ಎರಡು ಸಲ ಮುಖಾಮುಖಿಯಾಗಲೇಬೇಕು. ಪ್ರತಿ ಸಲವೂ ಅಪ್ಪ ಬೇವಿನ ಮರವನ್ನೂ ಅವರು ಜಾರುಬಂಡೆಯನ್ನೂ ಗಾಢವಾಗಿ ಅಭ್ಯಾಸ ಮಾಡುತ್ತಾ ಸಾಗುತ್ತಿದ್ದರು.

"ಅಂಕಲ್, ರಾಂಗ್ ಸೈಡ್!" ಎಂದು ಬಿಳಿ ಶೂ ಹಾಕಿಕೊಂಡು ಬರುವ ಒಬ್ಬ ಹೆಂಗಸು ಗದರಿಸುತ್ತಿದ್ದಳು.

"ಬೋರ್ಡಲ್ಲಿ ಬರೆದಿದ್ದೆಲ್ಲ ಪ್ರಮಾಣ ಆಗಲ್ಲಮ್ಮ."

"ಪ್ರಮಾಣ ಇರ್ಲಿ, ಡಿಕ್ಕಿ ಹೊಡೀತೀರ!"

ಮನೆಯಲ್ಲಿ ಅಪ್ಪ ಸಣ್ಣಗಾದರು. ದೇಹ ಸಣ್ಣಗಾಗಲಿಲ್ಲ, ಮಾತು ಸಣ್ಣಗಾಯಿತು. ಐದು ಸುತ್ತು ನಡೆಯುತ್ತಿದ್ದವರು ಎರಡಕ್ಕೆ ಇಳಿದರು. ಫ್ಲೆಕ್ಸುಗಳ ವಿಚಾರವನ್ನು ಅಮ್ಮನಿಗೆ ಹೇಳಲು ಹೋದರು. ಅಮ್ಮ, "ನಂಗೆ ಸಾಮಂತರು ಬೇಡ, ತೆಂಗಿನಕಾಯಿ ತನ್ನಿ" ಎಂದರು. ಒಂದು ಬೆಳಗ್ಗೆ ಶೂ ಲೇಸು ಕಟ್ಟುತ್ತಾ, ಕಟ್ಟಿದ್ದನ್ನೇ ಬಿಚ್ಚುತ್ತಾ, ಅಪ್ಪ ನನಗಲ್ಲ ಶೂಗೆ ಹೇಳುವಂತೆ ಹೇಳಿದರು: "ಅವನ್ನ ಬಿಟ್ಟು ಇನ್ನೊಬ್ಬರ ಜೊತೆ ನಡೆಯೋ ವಯಸ್ಸಲ್ಲ ಇದು." ಆ ವಾಕ್ಯವನ್ನು ನಾನು ಕಟ್ಟಿದ್ದಲ್ಲ. ಲೇಸಿನ ಬಗ್ಗೆ ಪ್ರಮಾಣ ಮಾಡಲಾರೆ.

ಹಾಗಾಗಿ ನಾನೇ ಪಾರ್ಕಿಗೆ ಹೋಗಿ, ಎದುರು ದಿಕ್ಕಿನಲ್ಲಿ ತರ್ಕದ ಮೇಷ್ಟ್ರ ಜೊತೆ ನಡೆದೆ. ಅಪ್ಪನನ್ನು ಮಾತಾಡಿಸಿ ಎಂದೆ.

"ನಿಮ್ಮಪ್ಪನಿಗೆ ನನ್ನ ವಾದ ಏನು ಅಂತಾನೇ ಗೊತ್ತಿಲ್ಲಮ್ಮ. ಗೊತ್ತಿಲ್ಲದೆ ಬೈದ. ಹಿಂದಿನೋರು ಏನ್ಮಾಡ್ತಿದ್ರು? ಮೊದಲು ಪೂರ್ವಪಕ್ಷ. ಎದುರಾಳಿ ವಾದಾನ ಎದುರಾಳಿಗಿಂತ ಅಚ್ಚುಕಟ್ಟಾಗಿ ಹೇಳ್ಬೇಕು. ಅವನು 'ಹೌದು, ಇದೇ ನನ್ನ ವಾದ' ಅಂತ ತಲೆ ಆಡಿಸ್ಬೇಕು. ಆಮೇಲೆ ತಾನೇ ಖಂಡನೆ! ನಿಮ್ಮಪ್ಪ ಬಂದು ನನ್ನ ಪೂರ್ವಪಕ್ಷ ಹೇಳ್ಲಿ. ನಾನು ತಲೆ ಆಡಿಸ್ತೀನಿ. ಆಮೇಲೆ ಬೇಕಾದ್ರೆ ಬೈಲಿ."

ಇದನ್ನು ಮನೆಗೆ ತಂದು ಒಪ್ಪಿಸಿದೆ. ಅಪ್ಪನ ಕಣ್ಣು ಅರಳಿತು. "ಅವನ ವಾದ ಹೇಳಕ್ಕಾಗಲ್ವಾ ನಂಗೆ? ಮೂರು ವಾಕ್ಯ!" ಎಂದು ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ಬರೆದುಕೊಂಡರು. ಒಂದು ಷರತ್ತೂ ಹಾಕಿದರು: ವೋಟಿನ ದಿನದೊಳಗೆ ಅವನು ತಲೆಯಾಡಿಸಬೇಕು, ಇಲ್ಲದಿದ್ದರೆ ಸ್ನೇಹ ಮುಗಿಯಿತು, ನಾನು ಪಾರ್ಕ್ ಬದಲಾಯಿಸುತ್ತೇನೆ. ಎರಡು ವಾರವಿತ್ತು. ನನ್ನನ್ನು ಮಧ್ಯಸ್ಥಳನ್ನಾಗಿ ನೇಮಿಸಿದರು.

ಬೆಂಚುಗಳನ್ನೆಲ್ಲ ನಗೆಕೂಟದವರು ಹಿಡಿದಿದ್ದರಿಂದ ವಾದ ನಡೆಯುತ್ತಲೇ ಆಗಬೇಕಾಯಿತು, ಬೋರ್ಡಿನ ದಿಕ್ಕಿನಲ್ಲಿ. ಅಪ್ಪ ಹಾಳೆ ನೋಡಿಕೊಂಡು ಓದಿದರು: "ನೋಟಾದವನ ವಾದ ಇಷ್ಟು. ಯಾರೂ ಸರಿ ಇಲ್ಲ, ಆದ್ರಿಂದ ಯಾರೂ ಬೇಡ."

"ಇದು ನನ್ನ ವಾದ ಅಲ್ಲ. ನನ್ನ ವಾದದ ಕಾರ್ಟೂನು" ಎಂದರು ತರ್ಕದ ಮೇಷ್ಟ್ರು.

ಮರುದಿನ ಅಪ್ಪ ತಿದ್ದಿಕೊಂಡು ಬಂದರು. ಅದರ ಮರುದಿನ ಇನ್ನೊಮ್ಮೆ. ಹಾಳೆ ಮುಗಿದು ಇನ್ನೊಂದು ತಿಂಗಳ ಹಾಳೆ ಹರಿದರು. ಅದು ಇನ್ನೂ ಮುಗಿಯದ ತಿಂಗಳೆಂದು ಅಮ್ಮ ಕೂಗಾಡಿದರು. ಸಂಜೆ ಟೀವಿಯಲ್ಲಿ ಚುನಾವಣಾ ಚರ್ಚೆ ಬಂದರೆ ಅಪ್ಪ ಕುರ್ಚಿಯ ತುದಿಗೆ ಬಂದು ಪರದೆಗೆ ಬೆರಳು ತೋರಿಸುತ್ತಿದ್ದರು: "ಪೂರ್ವಪಕ್ಷ ಹೇಳೋ ಮೊದ್ಲು! ಅವನು ಏನಂದ ಅಂತ ಹೇಳಿ ಆಮೇಲೆ ಕಿರುಚು!" ಪರದೆಯ ಆರು ಕಿಟಕಿಗಳಲ್ಲಿ ಆರು ಜನ ಕಿರುಚುತ್ತಲೇ ಇರುತ್ತಿದ್ದರು.

ಪಾರ್ಕಿನಲ್ಲಿ ಇದು ಅಂಟುಜಾಡ್ಯದಂತೆ ಹಬ್ಬಿತು. ಬಿಳಿ ಶೂ ಹೆಂಗಸು ಒಂದು ದಿನ ದೂರು ತಂದಳು.

"ಅಂಕಲ್, ನಮ್ಮತ್ತೆ ಜೊತೆ ಟ್ರೈ ಮಾಡ್ದೆ. ವರ್ಕ್ ಆಗ್ಲಿಲ್ಲ."

"ಯಾಕಮ್ಮ?"

"ಅವರ ವಾದಾನ ನಾನು ನೀಟಾಗಿ ಹೇಳಿದ್ನಾ? 'ಅಂತೂ ಒಪ್ಕೊಂಡ್ಯಲ್ಲ' ಅಂತ ಎದ್ದು ಹೋಗ್ಬಿಟ್ರು. ಖಂಡನೆಗೆ ಚಾನ್ಸೇ ಕೊಡ್ಲಿಲ್ಲ."

ತರ್ಕದ ಮೇಷ್ಟ್ರು ಗಂಭೀರವಾಗಿ, ಅತ್ತೆಯಂದಿರ ವಿಷಯದಲ್ಲಿ ಶಾಸ್ತ್ರಕ್ಕೆ ಮಿತಿಯಿದೆ ಎಂದರು.

ಎರಡನೆಯ ವಾರದ ಹೊತ್ತಿಗೆ ಅಪ್ಪ ಹಾಳೆ ಬಿಟ್ಟಿದ್ದರು. ವೋಟಿಗೆ ಇನ್ನು ಎರಡೋ ಮೂರೋ ದಿನವಿದ್ದಾಗ, ಜಾರುಬಂಡೆಯ ತಿರುವಿನಲ್ಲಿ, ಅವರು ಗೆಳೆಯನ ವಾದವನ್ನು ಹೇಳಿದ ರೀತಿ ನನಗೆ ಚೆನ್ನಾಗಿ ನೆನಪಿದೆ, ಅಂದರೆ ಚೆನ್ನಾಗಿತ್ತು ಎಂಬುದು ನೆನಪಿದೆ. "ನಂಬಿಕೆ ಅನ್ನೋದು ಕೊಡೋ ವಸ್ತು. ಕೇಳಿದೋರಿಗೆಲ್ಲ ಕೊಟ್ರೆ ಅದಕ್ಕೆ ಬೆಲೆ ಇರಲ್ಲ. ಕೊಡಲ್ಲ ಅಂತ ಬಂದು, ಕ್ಯೂನಲ್ಲಿ ನಿಂತು, ಬೆರಳಿಗೆ ಮಸಿ ಹಾಕಿಸ್ಕೊಂಡು ಹೇಳೋನು ಸೋಮಾರಿ ಅಲ್ಲ. ಮನೇಲಿ ಮಲಗಿರೋನು ಸೋಮಾರಿ. ಇವನು ಮುಂದಿನ ಸಲ ಒಬ್ಬ ಯೋಗ್ಯ ಬರ್ಲಿ ಅಂತ ಜಾಗ ಹಿಡ್ಕೊಂಡಿರೋನು. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿರ್ತಾರಲ್ಲ, ಹಾಗೆ." ಟವೆಲು ಅಪ್ಪನದೇ ಎಂದುಕೊಂಡಿದ್ದೇನೆ. ನನ್ನದೂ ಇರಬಹುದು.

ಹಿಂದೆಯೇ ಬರುತ್ತಿದ್ದ ಬಿಳಿ ಶೂ ಹೆಂಗಸು ನಿಂತುಬಿಟ್ಟಳು. "ಸಖತ್ತಾಗ್ ಹೇಳಿದ್ರಿ ಅಂಕಲ್. ನಾನೂ ಈ ಸಲ ನೋಟಾ."

ಅಪ್ಪ ಬಿಳಿಚಿಕೊಂಡರು. "ಅಯ್ಯೋ, ಅದು ನನ್ನ ವಾದ ಅಲ್ಲಮ್ಮ! ನಂದು ಚರಂಡಿ!" ಎನ್ನುವಷ್ಟರಲ್ಲಿ ಆಕೆ ಮುಂದಿನ ತಿರುವಿನಲ್ಲಿದ್ದಳು. ಅಪ್ಪ ತಾವೇ ಖಂಡಿಸಬೇಕೆಂದಿದ್ದ ಪಕ್ಷಕ್ಕೆ ಒಂದು ಮತ ಗಳಿಸಿಕೊಟ್ಟಿದ್ದರು.

ನಾನು ತರ್ಕದ ಮೇಷ್ಟ್ರ ತಲೆಯನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ.

"ಈಗೇನಯ್ಯ ತಪ್ಪು?" ಅಪ್ಪನ ದನಿ ಏರಿತು.

"ನಾನು ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ. ಎದುರಾಳಿ ಹೇಳಿದ್ದಕ್ಕಿಂತ ಕಮ್ಮಿ ಹೇಳೋದೂ ದೋಷ, ಜಾಸ್ತಿ ಹೇಳೋದೂ ದೋಷ. ಟವೆಲ್ ನಂದಲ್ಲ."

"ಅಚ್ಚುಕಟ್ಟಾಗಿ ಹೇಳ್ಬೇಕು ಅಂತ ನೀನೇ ಹೇಳ್ಕಳಿಸಿದ್ದೆ!"

"ಅಚ್ಚುಕಟ್ಟು ಬೇರೆ, ಅಲಂಕಾರ ಬೇರೆ. ಹೊಗಳುಭಟರಿಗೆ ಆ ವ್ಯತ್ಯಾಸ ತಿಳಿಯಲ್ಲ."

ಮಧ್ಯಸ್ಥಳಾಗಿ ನಾನು ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಅಪ್ಪ ಜೇಬಿನಿಂದ ಪೆನ್ನು ತೆಗೆದು, ಅಂಗೈಯ ಮೇಲೆ 'ಟವೆಲ್ ಬೇಡ' ಎಂದು ಬರೆದುಕೊಂಡರು.

ವೋಟಿನ ದಿನ ಬಂತು. ಅಪ್ಪ, ಅಮ್ಮ, ನಾನು ಶಾಲೆಯ ಕಾರಿಡಾರಿನಲ್ಲಿ ಸಾಲಾಗಿ ನಿಂತು ವೋಟು ಹಾಕಿದೆವು. ಅಪ್ಪ ಯಂತ್ರದ ಮುಂದೆ ತುಂಬ ಹೊತ್ತು ನಿಂತರು. ಎಷ್ಟು ಹೊತ್ತೆಂದರೆ, ಅಧಿಕಾರಿ "ಸಾರ್, ಬಟನ್ ಒತ್ತಿದ್ರಾ?" ಎಂದು ಕೇಳಬೇಕಾಯಿತು. ಹೊರಗೆ ಬಂದ ಮೇಲೆ ಯಾರಿಗೆಂದು ಅಮ್ಮ ಕೇಳಿದ್ದಕ್ಕೆ "ಗುಪ್ತ ಮತದಾನ" ಎಂದು ಸಂವಿಧಾನದ ಹಿಂದೆ ಅಡಗಿದರು. ಆ ಸಂಜೆಯವರೆಗೂ ಚಿಕ್ಕಲಸಂದ್ರದಿಂದ ಗೆಳೆಯನ ಫೋನು ಬರಲಿಲ್ಲ. ಗಡುವು ಮುಗಿಯಿತು.

ಮಾರನೆಯ ಬೆಳಗ್ಗೆ ಅಪ್ಪ ಶೂ ಹಾಕಿಕೊಂಡು ವರಾಂಡದಲ್ಲೇ ಕೂತರು. ಯಾವ ಪಾರ್ಕ್ ಎಂದು ನಾನು ಕೇಳಲಿಲ್ಲ. ಆರೂವರೆಗೆ ಗೇಟಿನ ಹೊರಗೆ ಸ್ಕೂಟರಿನ ಸದ್ದಾಯಿತು. ತರ್ಕದ ಮೇಷ್ಟ್ರು ಹೆಲ್ಮೆಟ್ ಕೂಡ ತೆಗೆಯದೆ ಅಲ್ಲಿಂದಲೇ ಕೂಗಿದರು.

"ರಾತ್ರಿಯೆಲ್ಲ ಯೋಚನೆ ಮಾಡ್ದೆ ಕಣೋ. ಟವೆಲ್ ಇಟ್ಕೊಳೋಣ. ಆದ್ರೆ ಕ್ಯೂ ಭಾಗ ಸರಿ ಇಲ್ಲ. ಅದನ್ನ ಇನ್ನೊಂದ್ಸಲ ಹೇಳ್ಬೇಕು ನೀನು."

"ವೋಟು ಮುಗೀತಲ್ಲಯ್ಯ!"

"ವೋಟು ಮುಗೀತು, ಪೂರ್ವಪಕ್ಷ ಮುಗ್ದಿಲ್ಲ. ಏಳು, ಬಿಸಿಲು ಬರತ್ತೆ."

ಅಪ್ಪ ಎದ್ದು ಹೋದರು. ಆಮೇಲೆ ಫಲಿತಾಂಶ ಬಂತು, ಗೆದ್ದವರ ಫ್ಲೆಕ್ಸು ಬಂತು, ಅದೂ ಹರಿಯಿತು. ಇಬ್ಬರೂ ಈಗಲೂ ದಿನಾ ಐದು ಸುತ್ತು ನಡೆಯುತ್ತಾರೆ, ಅಪ್ಪ ದಿನಾ ಗೆಳೆಯನ ವಾದವನ್ನು ಹೇಳುತ್ತಾರೆ, ಗೆಳೆಯ ದಿನಾ ಒಂದು ದೋಷ ಹುಡುಕುತ್ತಾರೆ. ಖಂಡನೆಯ ಸರದಿ ಇನ್ನೂ ಬಂದಿಲ್ಲ. ಅಪ್ಪನ ಪಕ್ಷವನ್ನು ತರ್ಕದ ಮೇಷ್ಟ್ರು ಹೇಳಬೇಕಾದ ಸರದಿಯಂತೂ ನಮ್ಮ ಕಾಲದಲ್ಲಿ ಬರುವಂತೆ ಕಾಣುವುದಿಲ್ಲ.

ಅಪ್ಪ ಹೇಳುವುದರಲ್ಲಿ ನಿಜಕ್ಕೂ ಇನ್ನೂ ತಪ್ಪಿದೆಯೋ, ಅಥವಾ ತಲೆಯಾಡಿಸಿದರೆ ಮರುದಿನ ಜಗಳ ಶುರುವಾಗುತ್ತದೆಂದು ತರ್ಕದ ಮೇಷ್ಟ್ರು ತಲೆಯನ್ನು ತಡೆದು ಹಿಡಿದಿದ್ದಾರೋ, ನನಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಅವತ್ತು ಅಪ್ಪ ಯಾವ ಬಟನ್ ಒತ್ತಿದರೆಂದಂತೂ ಮೊದಲೇ ಗೊತ್ತಿಲ್ಲ. ಇವುಗಳಲ್ಲಿ ಯಾವುದನ್ನೂ ನಾನು ಇಬ್ಬರಲ್ಲಿ ಯಾರನ್ನೂ ಕೇಳಿಲ್ಲ.