ಬಿಸಿಲಲ್ಲಿ ಫ್ಲಾಶ್ ಹಾಕುವ ಮಾವ

ನಮ್ಮ ಮಾವ, ಅಂದರೆ ಅಮ್ಮನ ಒಬ್ಬನೇ ತಮ್ಮ, ಫಿಲ್ಮ್ ಕಾಲದ ಫೋಟೋಗ್ರಾಫರ್. ಸುಡು ಮಧ್ಯಾಹ್ನದಲ್ಲೂ ಫ್ಲಾಶ್ ಹಾಕುತ್ತಿದ್ದ ಅವನಿಗೆ ಬೀದಿಯವರು ‘ಹಗಲುದೀಪ’ ಎಂದು ಹೆಸರಿಟ್ಟಿದ್ದರು. “ಸೂರ್ಯ ಸಾಲಲ್ವೇನಯ್ಯಾ ನಿಂಗೆ?” ಎಂದು ಯಾರಾದರೂ ಕಿಚಾಯಿಸಿದರೆ, “ಸೂರ್ಯ ನೆತ್ತಿ ಮೇಲಿರ್ತಾನೆ, ಕಣ್ಣು ಹುಬ್ಬಿನ ಕೆಳಗಿರತ್ತೆ. ಅಲ್ಲಿಗೆ ನಾನೇ ಹೋಗ್ಬೇಕು” ಎನ್ನುತ್ತಿದ್ದ.

ಅವನ ಗುಟ್ಟು ಇಷ್ಟೇ: ಕ್ಯಾಮೆರಾವನ್ನು ಬಿಸಿಲಿಗೆ ಸರಿಯಾಗಿ ಹೊಂದಿಸಿ, ಫ್ಲಾಶ್‌ಗೆ ಮಾತ್ರ ಸುಳ್ಳು ಹೇಳುವುದು. ಒಳಗಿರುವುದು ಬೆಳಕು ಹಿಡಿಯುವ ಚುರುಕಿನಲ್ಲಿ ನೂರರ ಫಿಲ್ಮ್. ಫ್ಲಾಶ್‌ನ ಬೆನ್ನಿನ ಚಕ್ರದಲ್ಲಿ ನಾನೂರು ಎಂದು ತಿರುಗಿಸುವುದು. ಫಿಲ್ಮ್ ಬಲು ಚುರುಕು ಎಂದು ನಂಬಿದ ಆ ಪೆದ್ದು ಫ್ಲಾಶ್ ಕಾಲು ಭಾಗ ಬೆಳಕನ್ನಷ್ಟೇ ಚೆಲ್ಲುತ್ತಿತ್ತು. “ಫ್ಲಾಶ್ ಹಾಕಿದ್ದು ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ಫೋಟೋ ಕೆಟ್ಟ ಹಾಗೆ” ಎನ್ನುತ್ತಿದ್ದ.

ಒಂದೇ ಕೆಟ್ಟ ಚಾಳಿ, ತಪ್ಪನ್ನು ಒಪ್ಪಿಕೊಂಡವನೇ ಅಲ್ಲ. ಫೋಟೋ ಕೆಟ್ಟರೆ ಲ್ಯಾಬಿನವರು ಕೆಡಿಸಿದ್ದು, ಇಲ್ಲವೇ ನಾವು ಕಣ್ಣು ಮಿಟುಕಿಸಿದ್ದು.

ಅಮ್ಮ ಮನೆಮನೆಗೆ ಅಂಚೆ ಹಂಚುವವಳು. ಮೂವತ್ತನಾಲ್ಕು ವರ್ಷ ಟೋಪಿ ಹಾಕಿಕೊಂಡು ಬಿಸಿಲಲ್ಲಿ ನಡೆದರೂ ಸಮವಸ್ತ್ರದಲ್ಲಿ ಅವಳದೊಂದು ಫೋಟೋ ಇರಲಿಲ್ಲ. ನಿವೃತ್ತಿಯ ದಿನ ಸಂಜೆ ಸಮವಸ್ತ್ರ ಒಪ್ಪಿಸಬೇಕಿತ್ತು. ಅದಕ್ಕೆ ಮುಂಚೆ, ಮಧ್ಯಾಹ್ನ, ಕಚೇರಿಯ ಮೆಟ್ಟಿಲ ಮೇಲೆ ಒಂಬತ್ತು ಜನರ ಗ್ರೂಪ್ ಫೋಟೋ.

“ಮುಖ ಕಾಣೋ ಹಾಗೆ ತೆಗಿಯೋ,” ಎಂದಳು ಅಮ್ಮ. “ಟೋಪಿ ಕೆಳಗೆ ನಾನೂ ಒಬ್ಬಳಿದ್ದೆ ಅಂತ ಗೊತ್ತಾಗ್ಲಿ.”

ಆ ಬೆಳಿಗ್ಗೆ ಸೈಕಲ್ ಪಂದ್ಯದ ಫೋಟೋಗೆಂದು ಮಾವ ಶಟರಿನ ವೇಗವನ್ನು ನೂರಿಪ್ಪತ್ತೈದಕ್ಕೆ ಏರಿಸಿದ್ದ. ಫ್ಲಾಶ್‌ಗೆ ಬೇಕಾದ ಅರವತ್ತಕ್ಕೆ ಇಳಿಸಲು ಮರೆತ. ಬೆಳಕು ಅಳೆಯುವ ಮೀಟರಿನ ಮುಳ್ಳು ನಡುವೆ ನಿಂತಿದ್ದನ್ನು ನೋಡಿ ನಿಶ್ಚಿಂತೆಯಿಂದ ಗುಂಡಿ ಒತ್ತಿದ. ಆ ವೇಗದಲ್ಲಿ ಶಟರಿನ ಪರದೆ ಪೂರ್ತಿ ತೆರೆಯುವುದೇ ಇಲ್ಲ. ಫ್ಲಾಶ್‌ನ ಬೆಳಕು ಫಿಲ್ಮಿನ ಒಂದು ಪಕ್ಕಕ್ಕಷ್ಟೇ ತಲುಪಿತು. ಎಡಗಡೆಯ ಐವರು ಕಳೆಕಳೆಯಾಗಿ ಬಂದರು. ಬಲಗಡೆಯ ನಾಲ್ವರಿಗೆ ಟೋಪಿಯ ಕೆಳಗೆ ಬರೀ ಕಪ್ಪು. ಅಮ್ಮ ನಿಂತಿದ್ದು ಬಲಗಡೆ.

ಮರುದಿನ ಮಾವ ಫೋಟೋ ಹಿಡಿದು ಬಂದ. ಈಗ ಲ್ಯಾಬಿನವರನ್ನು ಬೈಯುತ್ತಾನೆ, ನಾನೂ ಇವನನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳುತ್ತೇನೆ ಎಂದು ಕಾದೆ.

“ಅಕ್ಕಾ, ನಾನೇ ಕೆಡಿಸ್ದೆ,” ಎಂದ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದು, ಪಾಪ ಅನ್ನಿಸಿತು.

ಅಮ್ಮ ಫೋಟೋ ನೋಡಿದಳು. ನೇರ ಒಳಗೆ ಹೋದಳು. ಅಳುತ್ತಿದ್ದಾಳೆ ಎಂದುಕೊಂಡೆವು. ಹೊರಬಂದಾಗ ತಲೆಯ ಮೇಲೆ ಆ ಟೋಪಿ!

“ಬಟ್ಟೆ ಒಪ್ಪಿಸ್ದೆ ಕಣೋ. ಇದು ಕಳೆದುಹೋಯ್ತು ಅಂತ ಬರ್ಕೊಟ್ಟೆ,” ಎಂದಳು. ಬೇರೆಯವರ ಒಂದು ಕಾಗದವನ್ನೂ ಕಳೆಯದ ನಮ್ಮಮ್ಮ.

ಮಾವ ಅವಳನ್ನು ಅಂಗಳದ ಬಿಸಿಲಿಗೆ ಕರೆದೊಯ್ದ. ಶಟರಿನ ಚಕ್ರವನ್ನು ಮೂರು ಸಲ ನೋಡಿ, ನನಗೂ ಒಮ್ಮೆ ತೋರಿಸಿ, ಗುಂಡಿ ಒತ್ತಿದ.

ಆ ಫೋಟೋ ಈಗ ನಮ್ಮ ನಡುಮನೆಯಲ್ಲಿದೆ. ಟೋಪಿಯ ಕೆಳಗೆ ಅಮ್ಮನ ಕಣ್ಣು, ಕಣ್ಣಂಚಿನ ಸುಕ್ಕು, ತಡೆಹಿಡಿದ ನಗು, ಎಲ್ಲ ಕಾಣುತ್ತದೆ. ಬಂದವರು, “ಅಬ್ಬಾ, ಎಂಥ ಒಳ್ಳೆ ಬಿಸಿಲು ಸಿಕ್ಕಿದೆ!” ಎನ್ನುತ್ತಾರೆ.

“ಹೂಂ, ಅವತ್ತು ಬಿಸಿಲು ಚೆನ್ನಾಗಿತ್ತು,” ಎನ್ನುತ್ತಾನೆ ಮಾವ. ಅಮ್ಮ ಅವನ ಕಾಫಿ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಾಳೆ.